ಎಡಗೈಯ ಊಟ

ಗದ್ದೆಮ್ಮ ಮಾಡುತ್ತಿದ್ದ ಕೆಲಸಕ್ಕೆ ಆಗ ಸಿಂಧನೂರಿನಲ್ಲಿ ಒಂದು ಹೆಸರೇ ಇರಲಿಲ್ಲ. ನರ್ಸಮ್ಮ ಎನ್ನಲು ಆಕೆ ಓದಿದವಳಲ್ಲ, ಮನೆಗೆಲಸದವಳು ಎನ್ನಲು ಮುಸುರೆ ತಿಕ್ಕುವವಳಲ್ಲ. ಹಾಸಿಗೆ ಹಿಡಿದವರನ್ನು ಎಬ್ಬಿಸಿ, ತೊಳೆದು, ಮೈ ಒರೆಸಿ, ಉಣಿಸಿ, ಮಗ್ಗುಲು ಬದಲಿಸಿ ಮಲಗಿಸುವುದು ಆಕೆಯ ಪಾಲಿನದು. ಮುಕ್ಕುಂದದಲ್ಲಿ ಭತ್ತದ ನಾಟಿಗೆ ಹೋಗಿ ಹೊಟ್ಟೆ ಹೊರೆಯುತ್ತಿದ್ದ ವಿಧವೆ. ಅತ್ತೆಯ ಕೊನೆಗಾಲದಲ್ಲಿ ಮುಖ ಸಿಂಡರಿಸದೆ ಆರೈಕೆ ಮಾಡಿದಳೆಂಬ ಸುದ್ದಿ ಬಾಯಿಂದ ಬಾಯಿಗೆ ಹೋಗಿ, ಎಂಬತ್ತರ ದಶಕದ ನಡುವಿನಲ್ಲಿ ಯಾರೋ ಸಾಹುಕಾರರು ಕರೆಸಿಕೊಂಡರು. ಅಲ್ಲಿಂದ ಇದೇ ದಾರಿಯಾಯಿತು.

ಈ ಕೆಲಸದ ಅನ್ಯಾಯ ನೋಡಿ. ರೋಗಿ ಎದ್ದು ಓಡಾಡಿದರೆ ಕೆಲಸ ಹೋಯಿತು, ಕಣ್ಣು ಮುಚ್ಚಿದರೂ ಕೆಲಸ ಹೋಯಿತು! ಸಿಂಧನೂರಿನಲ್ಲಿ ಮುಗಿದರೆ ಮಸ್ಕಿ, ಮಸ್ಕಿಯಲ್ಲಿ ಮುಗಿದರೆ ಲಿಂಗಸುಗೂರು, ಮತ್ತೆ ಅದೇ ರಸ್ತೆಯಲ್ಲಿ ವಾಪಸ್ಸು. ಕೈಚೀಲದಲ್ಲಿದ್ದ ಸೀರೆಗಳನ್ನು ಆಕೆ ಯಾವ ಮನೆಯ ಗೂಟಕ್ಕೂ ಹಾಕಿದವಳಲ್ಲ. ಬಸ್ಸಿನ ಹಾರ್ನ್ ಕೇಳಿದರೆ ಕೂತಲ್ಲೇ ಕಾಲು ಚಡಪಡಿಸುತ್ತಿತ್ತು. ಸಾಲದ್ದಕ್ಕೆ, ಮಂದಿಯನ್ನು ಎತ್ತಿ ಎತ್ತಿ ಸೊಂಟ ಬೇರೆ ಹಿಡಿದುಕೊಳ್ಳತೊಡಗಿತ್ತು. ನಾಳೆ ಎತ್ತಲಾಗದಿದ್ದರೆ ತನ್ನನ್ನು ಕರೆಯುವವರು ಯಾರು ಎಂಬ ಹೆದರಿಕೆ ಆಕೆಗೆ ಇದ್ದೇ ಇತ್ತು.

ಪಂಪಣ್ಣನ ಮನೆಗೆ ಬಂದ ಮೇಲೆ ಆ ಹೆದರಿಕೆ ಕೊಂಚ ತಣ್ಣಗಾಗಿತ್ತು. ಜವಳಗೇರಾದ ಕಡೆ ಕಾಲುವೆ ನೀರಿನ ಗದ್ದೆ, ಸಿಂಧನೂರಿನಲ್ಲಿ ಮನೆ ಇದ್ದ ಗಟ್ಟಿ ಕುಳ ಆತ. ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು, ಮಾತೂ ನಿಂತಿತ್ತು. ಎಡಗೈ ನೆಟ್ಟಗಿತ್ತು. ಆ ಕೈಯಿಂದ ಉಣ್ಣುವುದನ್ನು ಕಲಿಸಿ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಮಗ ಅಂಬಪ್ಪ ಬೆಂಕಿಯಾಗಿದ್ದ.

"ನಮ್ಮಪ್ಪ ಎಡಗೈಲೆ ಉಣ್ಣೋದಾ? ಕಂಡ ಮಂದಿ ಏನಂದಾರು? ಗದ್ದೆಮ್ಮ ಅದಾಳ, ಉಣ್ಣಸ್ತಾಳ."

ಎಡಗೈ ಯಾವುದಕ್ಕೆಂದು ಎಲ್ಲರಿಗೂ ಗೊತ್ತು. ಅದನ್ನು ತಾಟಿಗೆ ಹಾಕುವುದೆಂದರೆ ಊಟಕ್ಕೇ ಮೈಲಿಗೆ. ಗದ್ದೆಮ್ಮ ಎದುರಾಡಲಿಲ್ಲ. ಎದುರಾಡುವುದೇನು, ಒಳಗೊಳಗೆ ಖುಷಿಯೇ ಪಟ್ಟಳು. ಮುದುಕ ಉಣ್ಣಲು ಕಲಿತರೆ ತನ್ನ ಅನ್ನಕ್ಕೇ ಕಲ್ಲು ಬೀಳುತ್ತದಲ್ಲ! ಮೂರು ಹೊತ್ತೂ ಕಲಸಿ ಬಾಯಿಗಿಟ್ಟಳು. ಆತ ಹಕ್ಕಿಮರಿಯ ಹಾಗೆ ಬಾಯಿ ತೆರೆಯುತ್ತಿದ್ದ. ಎರಡು ವರ್ಷ ಹೀಗೇ ಸಾಗಿತು.

ಆಗ ಲಿಂಗಸುಗೂರಿನ ಖಾಸಗಿ ದವಾಖಾನೆಯೊಂದರಲ್ಲಿ ಆಯಾ ಆಗಿದ್ದ ಖಾಸಿಂಬೀ, ಹಳೆಯ ಗೆಳತಿ, ಹುಡುಕಿಕೊಂಡು ಬಂದಳು.

"ಗದ್ದೆಮ್ಮಕ್ಕಾ, ನಮ್ಮಲ್ಲಿ ಇನ್ನೊಬ್ಬಾಕಿ ಬೇಕಾಗ್ಯಾಳ. ಖಾಯಂ ನೌಕರಿ, ತಿಂಗಳಾ ಪಗಾರ. ರೋಗಿ ಹೋದ್ರ ಮತ್ತೊಬ್ಬ ಬರ್ತಾನ, ನೌಕರಿ ಮಾತ್ರ ಹೋಗಂಗಿಲ್ಲ. ಎತ್ತಾಕ ಜೋಡಿ ಇನ್ನೊಬ್ರು ಇರ್ತಾರ. ಬರೋ ಸೋಮವಾರ ಬಂದ್ರ ನಿಂದು. ಇಲ್ಲಾಂದ್ರ ಬಾಗಿಲಾಗ ಮಂದಿ ನಿಂತಾರ ನೋಡು."

ಖಾಯಂ ಎಂಬ ಆ ಒಂದು ಮಾತು ಗದ್ದೆಮ್ಮನ ತಲೆ ಕೆಡಿಸಿತು. ಕೈಯಲ್ಲಿ ಒಂದು ವಾರವೂ ಇರಲಿಲ್ಲ. ಪಂಪಣ್ಣನ ಸೊಸೆ ಅಮರಮ್ಮನಿಗೆ ಹೇಳಿದಾಗ ಆಕೆ ಅಳುವುದೊಂದು ಬಾಕಿ.

"ನೀ ಹೋದ್ರ ಮಾವಗ ಉಣ್ಣಸೋರು ಯಾರಬೇ? ನಾ ತಲಿಮ್ಯಾಲಿನ ಸೆರಗು ತಗದು ಅವರ ಮುಂದ ನಿಂತಾಕಿನೇ ಅಲ್ಲ. ಅವರ ಬಾಯಿಗೆ ಹೆಂಗ ಕೈ ಹಾಕಲಿ?"

ಅದೂ ಸುಳ್ಳಲ್ಲ. ಅಂಬಪ್ಪ ಬೆಳಕು ಹರಿಯುವ ಮುಂಚೆ ಗದ್ದೆಗೆ ಹೋದರೆ ಬರುವುದು ಸಂಜೆಗೆ. ಹಿಂದೆ ಗದ್ದೆಮ್ಮ ಹಬ್ಬಕ್ಕೆ ಊರಿಗೆ ಹೋದಾಗ ಬದಲಿಗೆ ಬಿಟ್ಟು ಹೋಗಿದ್ದ ಹೆಂಗಸಿನ ತುತ್ತನ್ನು ಪಂಪಣ್ಣ ಉಗುಳಿಬಿಟ್ಟಿದ್ದ. ಹೋದರೆ ಮುದುಕ ಉಪವಾಸ ಬೀಳುತ್ತಾನೆ, ಹೋಗದಿದ್ದರೆ ಮುಂದೆ ತಾನೇ ಬೀಳಬೇಕು. ಗದ್ದೆಮ್ಮ ಅಂಗಳಕ್ಕೂ ಪಡಸಾಲೆಗೂ ಸುಮ್ಮನೆ ಅಡ್ಡಾಡಿದಳು. ಕಲಿಸಬೇಕಿತ್ತು, ಎರಡು ವರ್ಷದ ಹಿಂದೆಯೇ ಕಲಿಸಬೇಕಿತ್ತು ಎಂದು ತನ್ನನ್ನೇ ಬೈದುಕೊಂಡಳು.

ಮರುದಿನ ತಾಟನ್ನು ಆತನ ಎಡಗಡೆ ಇಟ್ಟು ಕೈ ಕಟ್ಟಿ ಕೂತಳು. ಪಂಪಣ್ಣ ಬಾಯಿ ತೆರೆದ. ಆಕೆ ಅಲುಗಲಿಲ್ಲ. ಆತ ತಾಟನ್ನು ದೂಡಿ ಗೋಡೆಗೆ ಮುಖ ತಿರುಗಿಸಿದ. ಮಧ್ಯಾಹ್ನವೂ ಅದೇ, ಸಂಜೆಯೂ ಅದೇ. ಆಕೆಯೂ ಅಂದು ರೊಟ್ಟಿ ಮುಟ್ಟಲಿಲ್ಲ. ಹಸಿದ ಮುದುಕನನ್ನು ಹಟಕ್ಕೆ ಕೂರಿಸಿದ ಪಾಪಿ ತಾನು ಅನ್ನಿಸಿತು. ಮಾರನೆಯ ಮುಂಜಾನೆ ತಡೆಯಲಾರದೆ ಬಾಯಿಬಿಟ್ಟಳು.

"ಸಾವ್ಕಾರ್ರ, ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಎರಡು ವರ್ಷದಿಂದ ನಿಮ್ಮನ್ನ ತೊಳಿಯೋದು ಯಾರ ಕೈ? ನನ್ನ ಕೈ. ನಿಮ್ಮ ಎಡಗೈ ಆ ಕೆಲಸ ಬಿಟ್ಟು ಎರಡು ವರ್ಷ ಆತು. ಖರೇ ಹೇಳ್ಬೇಕಂದ್ರ ಈ ಮನ್ಯಾಗ ಅದರಷ್ಟು ಚೊಕ್ಕ ಕೈ ಇನ್ನೊಂದಿಲ್ರಿ. ನಿಮ್ಮ ಮಗಂದೂ ಇಲ್ಲ!"

ಗೋಡೆಯ ಕಡೆಗಿದ್ದ ಮುಖದಿಂದ ಗೊರಗೊರ ಸದ್ದು ಬಂತು. ಉಸಿರು ಸಿಕ್ಕಿಕೊಂಡಿತೇನೋ ಎಂದು ಗದ್ದೆಮ್ಮ ಗಾಬರಿಯಿಂದ ಬಗ್ಗಿ ನೋಡಿದರೆ, ಮುದುಕ ನಗುತ್ತಿದ್ದಾನೆ! ಸರಿಯಿದ್ದ ಅರ್ಧ ಮುಖದಲ್ಲಿ ಅಷ್ಟೂ ನಗು. ಆಮೇಲೆ ಮೆಲ್ಲಗೆ ಎಡಗೈ ತಾಟಿನ ಕಡೆ ಬಂತು.

ಅಂದು ಅನ್ನ ಬಾಯಿಗಿಂತ ಹೆಚ್ಚು ಮೀಸೆಗೆ, ಎದೆಗೆ, ಹಾಸಿಗೆಗೆ ಹೋಯಿತು. ಸಂಜೆ ಅದನ್ನು ಕಣ್ಣಾರೆ ಕಂಡ ಅಂಬಪ್ಪ ಹೊಸ್ತಿಲಲ್ಲೇ ಕೂಗಾಡಿದ.

"ಏನಬೇ ಗದ್ದೆಮ್ಮಾ, ನಮ್ಮಪ್ಪನ ಮಾನ ಕಳಿಯಾಕ ನಿಂತೀಯೇನು?"

ಗದ್ದೆಮ್ಮ ಬಾಯಿ ತೆರೆಯುವ ಮೊದಲೇ ಬಾಗಿಲ ಮರೆಯಿಂದ ಅಮರಮ್ಮನ ದನಿ ಬಂತು.

"ಹಂಗಾದ್ರ ನಾಳಿಂದ ಮೂರು ಹೊತ್ತೂ ನೀವ ಮನ್ಯಾಗ ಕುಂತು ಉಣ್ಣಸ್ರಿ."

ಅಂಬಪ್ಪ ತಂದೆಯ ಕಡೆ ನೋಡಿದ. ಪಂಪಣ್ಣ ಮಗನನ್ನು ದಿಟ್ಟಿಸುತ್ತಲೇ ಇನ್ನೊಂದು ತುತ್ತು ಬಾಯಿಗೆ ತಳ್ಳಿಕೊಂಡ. ಮಗ ಕಾಲು ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದ. ಮಾವನನ್ನು ಮೇಲೆತ್ತಿ ತೊಳೆಯಲು ವಳಕಮದಿನ್ನಿಯಿಂದ ತನ್ನ ದೂರದ ಸಂಬಂಧಿಯನ್ನು ಕರೆಸುತ್ತೇನೆಂದು ಅಮರಮ್ಮ ಗದ್ದೆಮ್ಮನಿಗೆ ಮಾತು ಕೊಟ್ಟಳು. ಉಣಿಸುವ ಚಿಂತೆ ಇಲ್ಲದಿದ್ದರೆ ಉಳಿದದ್ದಕ್ಕೆ ಜನ ಸಿಗುತ್ತಿದ್ದರು.

ಭಾನುವಾರದ ಹೊತ್ತಿಗೆ ಕೈ ಹದಕ್ಕೆ ಬಂದಿತ್ತು. ಗದ್ದೆಮ್ಮನಿಗೆ ಮಾತ್ರ ನೆಮ್ಮದಿ ಬರಲಿಲ್ಲ. ಆತ ತಾನೇ ತಾನಾಗಿ ಉಣ್ಣುವಾಗ ಏನು ಮಾಡಬೇಕೆಂದು ತೋಚದೆ, ನೀರು ಇಟ್ಟಳು, ತೆಗೆದಳು, ಮತ್ತೆ ಇಟ್ಟಳು. ಬೇಕೆಂದೇ ಕಳೆದುಕೊಂಡ ಕೆಲಸಕ್ಕೆ ಇಷ್ಟು ಸಂಕಟವಾಗುತ್ತದೆಂದು ಆಕೆಗೆ ಗೊತ್ತಿರಲಿಲ್ಲ.

ಸೋಮವಾರ ಮುಂಜಾನೆ ಅನ್ನ ಸಾರು ತಾಟಿಗೆ ಬಡಿಸಿ, ಚೀಲ ಹೆಗಲಿಗೆ ಹಾಕಿಕೊಂಡು ಎದುರು ನಿಂತಳು.

"ಬರ್ತೀನ್ರಿ ಸಾವ್ಕಾರ್ರ. ಹೊಟ್ಟಿ ತುಂಬ ಉಣ್ರಿ."

ಪಂಪಣ್ಣ ತಾಟಿಗೆ ಕೈ ಹಾಕಲಿಲ್ಲ. ಆಕೆಯನ್ನೇ ನೋಡುತ್ತ ಬಾಯಿ ತೆರೆದು ಕೂತ. ಎಲ್ಲ ಮರೆತ ಮಗುವಿನಂತೆ! ಗದ್ದೆಮ್ಮ ಗಾಬರಿಯಾದಳು. ಕಲಿತದ್ದೆಲ್ಲ ಹೋಯಿತೇ? ಇವನನ್ನು ಹೀಗೆ ಬಿಟ್ಟು ಹೇಗೆ ಹೋಗಲಿ? ಆಚೆ ಬಸ್ಸಿನ ಹೊತ್ತು ಮೀರುತ್ತಿದೆ. ಚೀಲ ಕೆಳಗಿಟ್ಟು ಕೂತು, ಕಲಸಿ, ಒಂದು ತುತ್ತು ಬಾಯಿಗಿಟ್ಟಳು. ಮುದುಕ ನಿಧಾನಕ್ಕೆ ಅಗಿದು ನುಂಗಿದ. ಎರಡನೆಯ ತುತ್ತಿಗೆ ಬಾಯಿ ತೆರೆಯಲೇ ಇಲ್ಲ. ಆಕೆಯ ಕೈಯನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ, ಎಡಗೈಯಿಂದ ತಾನೇ ಅನ್ನ ಕಲಸಿದ. ಮುದ್ದೆ ಕಟ್ಟಿದ. ಅದನ್ನು ಆಕೆಯ ಬಾಯಿಯ ಮುಂದೆ ಹಿಡಿದ.

ಬಾಗಿಲಲ್ಲಿದ್ದ ಅಮರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇಷ್ಟು ವರ್ಷ ಇಷ್ಟು ಮನೆಗಳಲ್ಲಿ ಎಷ್ಟೋ ಬಾಯಿಗೆ ಇಟ್ಟವಳು ಗದ್ದೆಮ್ಮ. ಆಕೆಯ ಬಾಯಿಗೆ ಇಟ್ಟವರು ಒಬ್ಬರೂ ಇರಲಿಲ್ಲ. ಕಣ್ಣು ತುಂಬಿ ಎದುರಿನದು ಏನೂ ಕಾಣದಾಯಿತು. ಹಾಗೇ ಮುಂದೆ ಬಗ್ಗಿ ಆ ಎಡಗೈಯ ತುತ್ತನ್ನು ಬಾಯಿಗೆ ತೆಗೆದುಕೊಂಡಳು.