ಉಳಿಸಲು ಹೋಗಿ ಕಳೆದ ಜೊಂಡು

ಕಳೆದ ವಾರ ಹಿತ್ತಲಿನ ಹಳೇ ಸಿಮೆಂಟ್ ತೊಟ್ಟಿ ತೊಳೆಯುವಾಗ ಕೊಳೆತ ಕೆಸರಿನ ವಾಸನೆ ಬಂತು. ನಮ್ಮ ವಿಜ್ಞಾನದ ಮೇಷ್ಟ್ರು ನೆನಪಾದರು. ಹಿಂದೆಯೇ ಸಿಟ್ಟೂ ಬಂತು.

ಎಪ್ಪತ್ತರ ದಶಕದ ಕೊನೆಗೆ ನಾನು ಕೆರೆಬಿಳಚಿಯ ಶಾಲೆಗೆ ಗಣಿತ ಕಲಿಸಲು ಬಂದಾಗ ಅವರು ಅಲ್ಲಿ ಹಿರಿಯರು. ರಜೆ ಸಿಕ್ಕರೆ ನನ್ನನ್ನೂ ಸೈಕಲ್ ಹತ್ತಿಸಿಕೊಂಡು ಸೂಳೆಕೆರೆಯ ಹಿನ್ನೀರಿಗೆ ಹೊರಡುತ್ತಿದ್ದರು. ಅಲ್ಲಿ ಒಬ್ಬ ರೈತರ ಗದ್ದೆಯಂಚಿನ ಜೌಗಿನಲ್ಲಿ ಒಂದು ಜಾತಿಯ ಸಣ್ಣ ಜೊಂಡು ಬೆಳೆದಿತ್ತು. ತ್ರಿಕೋನಾಕಾರದ ಕಡ್ಡಿಗೆ ಮೂರು ಏಣು, ತುದಿಯಲ್ಲಿ ಕಪ್ಪುಗೆಂಪು ತೆನೆ. ಹೊನ್ನಾಳಿಯ ಹೊಳೆದಂಡೆ, ನ್ಯಾಮತಿ ಕಡೆಯ ಕಟ್ಟೆಗಳು... ಎಲ್ಲ ಹುಡುಕಿದ್ದರಂತೆ, ಬೇರೆಲ್ಲೂ ಸಿಕ್ಕಿರಲಿಲ್ಲ. ನನ್ನ ಕಣ್ಣಿಗೆ ಅದು ಹುಲ್ಲು, ಅಷ್ಟೇ.

ಒಂದು ಬೇಸಿಗೆ ಆ ರೈತರು ಜೌಗನ್ನೂ ಉತ್ತು ಭತ್ತ ಹಾಕುವ ಮಾತೆತ್ತಿದರು. ಅದೊಂದು ಪಟ್ಟಿ ಬಿಡಿ ಎಂದು ಮೇಷ್ಟ್ರು ಅವರ ಬೆನ್ನು ಬಿದ್ದರು. ಆ ಮನುಷ್ಯ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

"ನೋಡಾಣ ಬಿಡ್ರಿ ಮೇಷ್ಟ್ರೆ, ಮಳೆ ಬರ್ಲಿ."

ಮೇಷ್ಟ್ರಿಗೆ ತಾಳ್ಮೆ ಎಲ್ಲಿಂದ ಬರಬೇಕು? ಎಲ್ಲವನ್ನೂ ಕಿತ್ತು ಮನೆಗೆ ತರುತ್ತೇನೆ ಎಂದು ಹಠ ಹಿಡಿದರು. ಸ್ವಲ್ಪ ಕಾಯೋಣ ಎಂದೆ. ಅರ್ಧವಾದರೂ ಅಲ್ಲೇ ಬಿಡಿ ಎಂದೆ. ಬಿಟ್ಟದ್ದು ನೇಗಿಲಿಗೆ ಹೋಗುತ್ತದೆ ಎಂದು ಗದರಿದರು. ಒಂದು ಭಾನುವಾರ ಒಬ್ಬರೇ ಹೋಗಿ ಒಂದು ಬುಡವನ್ನೂ ಬಿಡದೆ ಅಗೆದು, ಗೋಣಿಚೀಲದಲ್ಲಿ ತಂದು ಹಿತ್ತಲಿನ ತೊಟ್ಟಿಗಳಲ್ಲಿ ನೆಟ್ಟರು. ಪಾತ್ರೆ ತೊಳೆಯುವ ಜಾಗ ಕಳೆದುಕೊಂಡ ಅವರ ಮನೆಯವರು ದಿನವೂ ಗೊಣಗುತ್ತಲೇ ನೀರು ತುಂಬಿದರು. ಏರಿ ಇಳಿಯುವ ಕೆರೆನೀರು ಆ ಹುಲ್ಲಿಗೆ ಬೇಕು ಎಂದು ನನಗೆ ಹೇಳಿದ್ದವರೇ ಈ ಮೇಷ್ಟ್ರು! ತೊಟ್ಟಿಯಲ್ಲಿ ನಿಂತ ನೀರಿಗೆ ಬೇರು ಕೊಳೆಯಿತು. ಮಳೆಗಾಲ ಮುಗಿಯುವಷ್ಟರಲ್ಲಿ ಎಲ್ಲವೂ ಹೋಯಿತು.

ಆಮೇಲೊಮ್ಮೆ ನಾವಿಬ್ಬರೂ ಹೋಗುವಾಗ ಕೆರೆ ದಾರಿಯಲ್ಲಿ ಆ ರೈತರು ಎದುರಾದರು. ಸುತ್ತಲಿನ ಗದ್ದೆಯೆಲ್ಲ ನಾಟಿಯಾಗಿತ್ತು. ಜೌಗಿನ ಪಟ್ಟಿ ಮಾತ್ರ ಹಾಗೇ ಇತ್ತು.

"ನೀವು ಅಷ್ಟು ಸಲ ಕೇಳಿದ್ರಲ್ಲ, ಬಿಟ್ಟೀನಿ. ಆದ್ರೆ ಯಾರೋ ಬುಡಸಮೇತ ಕಿತ್ತೊಯ್ದಾರೆ ನೋಡ್ರಿ. ನಿಮ್ಗೆ ಹೇಳಾಕೆ ನಂಗೇ ನಾಚಿಕೆ ಆಗ್ತೈತೆ."

ಹೇಳಿಬಿಡಿ ಎಂಬಂತೆ ನಾನು ಮೇಷ್ಟ್ರ ಮುಖ ನೋಡಿದೆ. ಅವರು ಸೈಕಲ್ ತಿರುಗಿಸಿಕೊಂಡು ಹೊರಟೇಬಿಟ್ಟರು. ಮುಂದೆ ಆ ದಾರಿಗೆ ಹೋಗುವುದನ್ನೇ ಬಿಟ್ಟರು. ರೈತರು ಮಾತ್ರ ಹುಲ್ಲು ಚಿಗುರೀತು ಎಂದು ಇನ್ನೂ ಕೆಲವು ವರ್ಷ ಆ ಪಟ್ಟಿಗೆ ನೇಗಿಲು ಹಾಕಲಿಲ್ಲವಂತೆ...

ಈಗ ಅಲ್ಲಿ ನೀರಿನ ತನಕವೂ ಭತ್ತ. ಒಬ್ಬರು ಬಿಡುತ್ತೇನೆ ಎಂದು ಒಂದು ಮಾತು ಬಾಯಿಬಿಟ್ಟು ಹೇಳಿದ್ದರೆ, ಇನ್ನೊಬ್ಬರು ಒಂದು ಮಳೆ ಕಾದಿದ್ದರೆ! ಬೈಯೋಣವೆಂದರೆ ಇಬ್ಬರೂ ಇಲ್ಲ.