ಮಾಳಿಗೆಯಲ್ಲ, ತಾರಸಿ

ತಲೆಯ ಮೇಲೆ ಅಷ್ಟು ದೊಡ್ಡ ತಾರಸಿ ಬಿಸಿಲು ಕಾಯುತ್ತ ಬಿದ್ದಿರುವಾಗ ನಾನು ಹಿತ್ತಲ ನೆರಳಿನಲ್ಲಿ ಸಂಡಿಗೆ ಒಣಗಿಸುತ್ತಿದ್ದೆ. ಇದಕ್ಕಿಂತ ಹೊಟ್ಟೆ ಉರಿಯುವ ಸಂಗತಿ ಬೇರೆ ಬೇಕೆ? ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಮದುವೆಯಾಗಿ ತುಮಕೂರಿಗೆ ಬಂದ ಎರಡನೇ ವರ್ಷ ಮಾವನವರು ಶಿರಾ ಗೇಟಿನ ಹತ್ತಿರ ಹೊಸ ಮನೆ ಕಟ್ಟಿಸಿದರು. ಇಟ್ಟಿಗೆ ಜೋಡಿಸಿ, ಸುಣ್ಣದ ಗಾರೆ ಹಾಕಿ, ಬೆಲ್ಲದ ನೀರು ಚಿಮುಕಿಸುತ್ತ ಆಳುಗಳು ದಿನಗಟ್ಟಲೆ ಬಡಿದು ನುಣುಪು ಮಾಡಿದ ತಾರಸಿ ಅದು. ಹತ್ತುವುದಕ್ಕೆ ಮೆಟ್ಟಿಲೇ ಇರಲಿಲ್ಲ.

ನನ್ನ ತವರು ಗುಬ್ಬಿ. ಅಲ್ಲಿ ನಮ್ಮಪ್ಪನ ಮನೆಗೂ ತಾರಸಿಯಿತ್ತು, ಅಡುಗೆಮನೆಯ ಪಕ್ಕದಿಂದಲೇ ಮೆಟ್ಟಿಲಿತ್ತು. ನಾನು ಮಗ್ಗಿ ಬಾಯಿಪಾಠ ಮಾಡಿದ್ದು, ಎರೆದುಕೊಂಡ ತಲೆ ಆರಿಸಿಕೊಂಡದ್ದು, ಅಮ್ಮನ ಮೇಲೆ ಮುನಿಸಿಕೊಂಡು ಕೂತದ್ದು ಎಲ್ಲ ಅಲ್ಲೇ. ಹಪ್ಪಳ, ಕೆಂಪು ಮೆಣಸಿನಕಾಯಿ, ಹುಣಸೆಹಣ್ಣು, ಚಳಿಗಾಲ ಮುಗಿದ ಮೇಲೆ ಹಾಸಿಗೆ ಕಂಬಳಿ, ಏನನ್ನು ಬೆಳಗ್ಗೆ ಹರವಿ ಬಂದರೂ ಸಂಜೆಗೆ ಗರಿಗರಿ. ನಾಯಿಯಿಲ್ಲ, ಕೋಳಿಯಿಲ್ಲ, ಪಕ್ಕದ ಮನೆಯ ಹಸುವಿನ ಕಾಟವಿಲ್ಲ. ಪೇಟೆಯಲ್ಲಿ ಮನೆಗೆ ಅಂಗಳ ಸಿಕ್ಕುವುದೇ ಕಷ್ಟ, ಅದನ್ನು ತಾರಸಿ ತುಂಬಿಕೊಡುತ್ತದೆ. ಒಲೆಯ ಮುಂದಿನಿಂದ ಎದ್ದ ಹೆಂಗಸು ಗಳಿಗೆ ಹೊತ್ತು ಕೂತು ಗಾಳಿ ಕುಡಿಯಬೇಕೆಂದರೆ ಅದೊಂದೇ ಜಾಗ.

ಮಾವನವರು ಕುಣಿಗಲ್ ಕಡೆಯ ಹಳ್ಳಿಯವರು. ಅಲ್ಲಿಯ ಹಳೇ ಮನೆಗೆ ಮಣ್ಣಿನ ಮಾಳಿಗೆ, ತೊಲೆಗಳ ಮೇಲೆ ಮಣ್ಣು ಹಾಸಿದ ಚಪ್ಪಟೆ ಸೂರು, ಬೆಳಕು ಬರಲು ನೆತ್ತಿಯಲ್ಲೊಂದು ಗವಾಕ್ಷಿ. ಮಾಳಿಗೆ ಹತ್ತುವುದು ಗಂಡಸರ ಕೆಲಸ, ಅದೂ ಏಣಿ ಹಾಕಿಕೊಂಡು. ಹೊಸ ಮನೆಗೆ ಮೆಟ್ಟಿಲು ಎಲ್ಲಿ ಬರಬೇಕು ಅಂತ ಮೇಸ್ತ್ರಿ ಕೇಳಿದಾಗ ಮಾವ, "ಮಾಳಿಗೆಗೆ ಮೆಟ್ಲು ಯಾಕಯ್ಯ? ಏಣಿ ಇದೆಯಲ್ಲ. ಮೆಟ್ಲು ಕಟ್ಟಿದ್ರೆ ಹೆಂಗಸ್ರು ಹತ್ತುತಾರೆ, ಬೀದಿಗೆಲ್ಲ ಕಾಣ್ತಾರೆ" ಅಂದರು.

ನಾನು ಬಾಗಿಲ ಹಿಂದಿನಿಂದಲೇ, "ಮಾವಾ, ಇದು ಮಾಳಿಗೆ ಅಲ್ಲ, ತಾರಸಿ" ಅಂದೆ.

"ಎರಡೂ ಒಂದೇ ಕಣಮ್ಮ."

ಮೇಸ್ತ್ರಿ ತಲೆ ಕೆರೆದುಕೊಂಡು ಹೋದ. ನಮ್ಮನೆಯವರು ಅಪ್ಪನ ಮುಂದೆ ಬಾಯಿ ಬಿಡುವ ಪೈಕಿಯಲ್ಲ. ಅತ್ತೆಯಂತೂ ಮದುವೆಯಾದಾಗಿನಿಂದ ಗಂಡನಿಗೆ ಎದುರುಮಾತು ಆಡಿದವರೇ ಅಲ್ಲ. ನಾನೊಬ್ಬಳೇ ವರ್ಷವಿಡೀ ಮೆಟ್ಟಿಲು, ಮೆಟ್ಟಿಲು ಅಂತ ಗೊಣಗಿದೆ. ಹಿತ್ತಲಲ್ಲಿ ಒಣಗದ ಸಂಡಿಗೆಗೆ ಬೂಸ್ಟು ಹಿಡಿದದ್ದನ್ನು ತಟ್ಟೆಯಲ್ಲಿಟ್ಟು ಮಾವನವರಿಗೇ ತೋರಿಸಿದೆ. ಅವರು ಪತ್ರಿಕೆಯಿಂದ ಕಣ್ಣೆತ್ತಲಿಲ್ಲ.

ಎರಡೂ ಒಂದೇ ಅಂದದ್ದರ ಫಲ ಮುಂದಿನ ಬೇಸಿಗೆಯಲ್ಲಿ ಸಿಕ್ಕಿತು. ಮಣ್ಣಿನ ಮಾಳಿಗೆಯ ಮೇಲೆ ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಚೌಳು ಮಣ್ಣು ಹರಡುತ್ತಾರೆ. ಅದು ನೀರು ಇಳಿಯಲು ಬಿಡದ ಮಣ್ಣು, ಹರಡಿದರೆ ಮನೆ ಸೋರುವುದಿಲ್ಲ. ಯುಗಾದಿ ಕಳೆಯುತ್ತಲೇ ಮಾವನವರು ಗೂಳೂರು ಕಡೆಯಿಂದ ಒಂದು ಗಾಡಿ ಚೌಳು ಮಣ್ಣು ಹೊಡೆಸಿ, ಆ ನುಣುಪಾದ ಗಾರೆಯ ಮೇಲೆ ಸುರಿಸತೊಡಗಿದರು.

"ಮಾವಾ, ಗಾರೆ ಮೇಲೆ ಮಣ್ಣು ಹಾಕಲ್ಲ. ನೀರು ಹೋಗೋ ಕೊಳವೆ ಕಟ್ಕೊಳ್ಳುತ್ತೆ."

"ಮೂವತ್ತು ವರ್ಷದಿಂದ ಮಾಳಿಗೆಗೆ ಮಣ್ಣು ಹಾಕಿದೀನಿ. ನೀನು ನಂಗೆ ಹೇಳ್ಕೊಡ್ತೀಯ? ಬುಡಮ್ಮ."

ಆವತ್ತು ನಾನು ಪಾತ್ರೆ ತೊಳೆದ ಸದ್ದು ಮೂರು ಮನೆಗೆ ಕೇಳಿಸಿರಬೇಕು.

ಹದಿನೈದು ದಿನವಾಗಿರಬಹುದು. ಮಾವನವರೂ ನಮ್ಮನೆಯವರೂ ಹೊಲ ನೋಡಿಕೊಂಡು ಬರಲು ಬೆಳಗ್ಗೆಯೇ ಕುಣಿಗಲ್ಲಿಗೆ ಹೋಗಿದ್ದರು. ಮಧ್ಯಾಹ್ನ ಊಟವಾಗುತ್ತಲೇ ಗುಡುಗು, ಸಿಡಿಲು, ಆನೆಕಲ್ಲು ಮಳೆ. ಅರ್ಧ ಗಂಟೆಯಲ್ಲಿ ಸೂರಿನಿಂದ ತೊಟತೊಟ ಅಂತ ಶುರುವಾಯಿತು. ಅದೂ ಎಲ್ಲಿ? ಸರಿಯಾಗಿ ಮಾವನವರ ಮಂಚದ ಮೇಲೆ.

"ಅಯ್ಯೋ, ಅವ್ರ ಹಾಸಿಗೆ ನೆನೀತಾ ಇದೆ ಕಣೇ" ಅಂತ ಅತ್ತೆ ಕೈಕೈ ಹಿಸುಕಿಕೊಂಡರು. ನಾನು ಸೀರೆ ಎತ್ತಿ ಕಚ್ಚೆ ಹಾಕಿದೆ. ಹಿತ್ತಲಲ್ಲಿದ್ದ ಬಿದಿರಿನ ಏಣಿಯನ್ನು ಬೀದಿಯ ಕಡೆಯ ಗೋಡೆಗೆ ಒರಗಿಸಿದೆ, ಅತ್ತೆ ನೆನೆಯುತ್ತಲೇ ಗಟ್ಟಿಯಾಗಿ ಹಿಡಿದುಕೊಂಡರು. ಮೇಲೆ ಹತ್ತಿ ನೋಡಿದರೆ ತಾರಸಿ ಹೋಗಿ ಕೆಸರುಗದ್ದೆ ಆಗಿತ್ತು. ನೀರು ಹೋಗುವ ಎರಡು ಕೊಳವೆಗಳೂ ಮಣ್ಣು ನುಂಗಿ ಕೂತಿದ್ದವು. ಕೋಲು ಹಾಕಿ ತಿವಿದೆ, ಕೈ ಹಾಕಿ ಬಗೆದೆ. ಕೊನೆಗೆ ಭುಸ್ ಅಂತ ಬಾಯಿ ಬಿಟ್ಟು ಬೂದಿ ಬಣ್ಣದ ನೀರು ಬೀದಿಗೆ ಧುಮುಕಿತು. ಮಳೆ ಇಳಿದ ಮೇಲೂ ನಾನು ಇಳಿಯಲಿಲ್ಲ. ಗುದ್ದಲಿ ತರಿಸಿಕೊಂಡು ಕೆಸರು ಎಳೆಯುತ್ತ ಅಲ್ಲೇ ನಿಂತೆ. ಎದುರು ಮನೆಯವರು ಜಗುಲಿಗೆ ಬಂದು ನೋಡುತ್ತಿದ್ದರು. ನೋಡಲಿ ಅಂದುಕೊಂಡೆ.

ಅಷ್ಟು ಹೊತ್ತಿಗೆ ಬಸ್ಸಿಳಿದು ಗಂಡಸರಿಬ್ಬರೂ ಬಂದರು. ಗೋಡೆ ತುಂಬ ಕೆಸರು, ಮೇಲೆ ಸೊಸೆ.

"ಯಾರದು ಮೇಲೆ?"

"ನಾನೇ ಮಾವಾ."

"ಬೀದಿ ಜನ ನೋಡ್ತಾವ್ರೆ. ಇಳಿಯಮ್ಮ ಮೊದ್ಲು."

"ನೀವು ಹಾಕಿಸಿದ ಮಣ್ಣಿಗೆ ಕೊಳವೆ ಕಟ್ಕೊಂಡು ನಿಮ್ಮ ಮಂಚದ ಮೇಲೇ ನೀರು ಸುರೀತು. ಮೆಟ್ಲು ಕಟ್ಟಿಸ್ತೀನಿ ಅನ್ನಿ, ಇಳೀತೀನಿ."

ಇಷ್ಟು ಧೈರ್ಯ ನನಗೆ ಎಲ್ಲಿಂದ ಬಂತೋ ಗೊತ್ತಿಲ್ಲ. ಮಾವನವರು ಅತ್ತೆಯ ಕಡೆ ತಿರುಗಿ, "ನೀನಾದ್ರೂ ಹೇಳೇ ಅವ್ಳಿಗೆ" ಅಂದರು. ಅತ್ತೆ ಏಣಿಯ ಹತ್ತಿರ ಹೋದರು. ನಾನು ಇಳಿಯಲೆಂದು ಹಿಡಿದುಕೊಳ್ಳುತ್ತಾರೆ ಅಂತ ತಿಳಿದೆ. ಅವರು ಎರಡೂ ಕೈಯಲ್ಲಿ ಏಣಿಯನ್ನು ವಾಲಿಸಿ, ಮೆಲ್ಲಗೆ ನೆಲದ ಮೇಲೆ ಮಲಗಿಸಿಬಿಟ್ಟರು. ಸೆರಗು ಸರಿಮಾಡಿಕೊಂಡು, "ಮೆಟ್ಲು ಆಗ್ಲಿ. ಆಮೇಲೆ ಇಳೀತಾಳೆ" ಅಂದರು.

ಎದುರು ಜಗುಲಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು, ಅವರ ಹಿಂದೆಯೇ ನಮ್ಮನೆಯವರೂ ನಕ್ಕರು. ಮಾವನವರು ಒಳಗೆ ಹೋಗಿ ಹಾಸಿಗೆ ಮುಟ್ಟಿ ನೋಡಿ ಬಂದು, ಮಗನಿಗೆ, "ನಾಳೆ ಮೇಸ್ತ್ರಿಗೆ ಹೇಳ್ಕಳ್ಸು. ಈಗ ಏಣಿ ಎತ್ತು" ಅಂದರು. ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ನಾನು ಇಳಿದು ಬಂದೆ. ಗೆದ್ದಿದ್ದೆ, ಅದನ್ನು ಹೇಳಿಕೊಳ್ಳಲು ನನಗೆ ಇವತ್ತಿಗೂ ನಾಚಿಕೆಯಿಲ್ಲ.

ಮುಂಗಾರು ಹಿಡಿಯುವುದರೊಳಗೆ ಮೆಟ್ಟಿಲು ಮುಗಿಯಿತು, ಸುತ್ತಲೂ ಎದೆಮಟ್ಟದ ಗೋಡೆ ಬೇರೆ. ಅದು ಮಾವನವರ ಹಟ, ಬಿಟ್ಟುಕೊಟ್ಟೆ. ಮೊದಲ ದಿನ ನಾನು ಸಂಡಿಗೆ ಹಿಟ್ಟಿನ ಪಾತ್ರೆ ಹಿಡಿದು ಹತ್ತಿದೆ. ಹಿಂದೆಯೇ ಅತ್ತೆ, ಒಂದೊಂದು ಮೆಟ್ಟಿಲಿಗೂ ಗೋಡೆ ಹಿಡಿದುಕೊಂಡು. ಒಂದು ಕಡೆ ಕೆರೆ, ಇನ್ನೊಂದು ಕಡೆ ದೇವರಾಯನದುರ್ಗದ ಬೆಟ್ಟ, ನಡುವೆ ಊರಿನ ಸೂರುಗಳೆಲ್ಲ. ಒಂದು ಸುತ್ತು ಪೂರಾ ತಿರುಗಿ ನೋಡಿದರು. ಆಮೇಲೆ ಗೋಡೆಯಿಂದ ಬಗ್ಗಿ, ಕೆಳಗೆ ಜಗುಲಿಯಲ್ಲಿ ಕೂತಿದ್ದ ಮಾವನವರನ್ನು ಕೂಗಿ ಕೇಳಿದರು:

"ಏನೂಂದ್ರೆ, ಹಳ್ಳೀಲಿ ಮಾಳಿಗೆ ಮೇಲೆ ಹತ್ತಿ ಇಷ್ಟು ವರ್ಷ ಇಂಥದ್ದನ್ನೆಲ್ಲ ನೀವೊಬ್ರೇ ನೋಡ್ತಿದ್ರಾ?"