ಫ್ರಾವ್ ಪಾಗೆಲ್ ಅವರ ಹಿಮರಾಜ್ಯ

ಗೋಡೆಯ ಈಚೆಯ ಪಶ್ಚಿಮ ಬರ್ಲಿನ್ನಿನ ಒಂದು ಪ್ರಯೋಗಶಾಲೆಯಲ್ಲಿ ಸಹಾಯಕಿ ಫ್ರಾವ್, ಎಂದರೆ ಶ್ರೀಮತಿ, ಪಾಗೆಲ್ ಎದುರು ಬಂದರೆ ಕೈಯಲ್ಲಿದ್ದ ಕಾಫಿ ತಾನಾಗಿ ಆರುತ್ತಿತ್ತಂತೆ. ಬೇಸಿಗೆಯಲ್ಲಿ ಊರೆಲ್ಲ ವಾನ್ಸೇ ಕೆರೆಯಲ್ಲಿ ಮುಳುಗೇಳುವಾಗ ಆಕೆ ಉಣ್ಣೆಯ ಟೋಪಿ ತೊಟ್ಟು ಶೀತಕೋಣೆಯಲ್ಲಿ ಚಕ್ರವರ್ತಿನಿಯಾಗಿ ಮೆರೆಯುತ್ತಿದ್ದರು. ಪ್ರಯೋಗದ ಒಂದು ಗಾಜಿನ ಕೊಳವೆ ಮಂಜುಗಡ್ಡೆ ಬಿಟ್ಟು ಹೊರಗೆ ಕಂಡರೆ ಮುಗಿಯಿತು. ವಿಜ್ಞಾನಿಯಾದರೂ ಸರಿ, ವಿದ್ಯಾರ್ಥಿಯಾದರೂ ಸರಿ, ತಲೆದಂಡ.

ಆ ಸಾಮ್ರಾಜ್ಯದ ನತದೃಷ್ಟ ಪ್ರಜೆ ಡಾಕ್ಟರ್ ಕೊಸಾಕ್. ಬ್ಯಾಕ್ಟೀರಿಯಾದೊಳಗೆ ಪ್ರೋಟೀನು ತಯಾರಿಸುವ ಯಂತ್ರ ರೈಬೋಸೋಮು. ಅದರ ಚಿಕ್ಕ ಭಾಗವನ್ನು ಬಿಚ್ಚಿ ಮತ್ತೆ ಜೋಡಿಸುವುದು ಅವನ ಹಟ. ಬಿಚ್ಚಿದರೆ ಉದ್ದನೆಯ ಆರ್‌ಎನ್‌ಎ ದಾರವೊಂದು, ಇಪ್ಪತ್ತೊಂದು ಪ್ರೋಟೀನು. ಮತ್ತೆ ಬೆರೆಸಿದರೆ ಕೆಲವು, ಮೊದಲ ಪಂಕ್ತಿಯ ಹಿರಿಯರಂತೆ, ದಾರದ ಮೇಲೆ ತಮ್ಮ ತಮ್ಮ ಎಲೆ ಹುಡುಕಿ ಕೂರುತ್ತಿದ್ದವು. ಉಳಿದವು ಬಾಗಿಲಲ್ಲೇ ನಿಂತುಬಿಡುತ್ತಿದ್ದವು. ಯಂತ್ರ ಓಡುತ್ತಿರಲಿಲ್ಲ. ಸೋಮವಾರದ ಸಭೆಗೂ ಇದೇ ಸುದ್ದಿ ಒಯ್ದರೆ ಅವನ ಕೆಲಸಕ್ಕೆ ಮಂಗಳಾರತಿ.

"ನಿಮ್ಮ ಕೈ ಬಿಸಿ, ಹೆರ್ ಡಾಕ್ಟರ್. ಅದಕ್ಕೇ ಕೆಡ್ತಿದೆ," ಎಂದರು ಪಾಗೆಲ್.

"ಇದಕ್ಕಿಂತ ತಣ್ಣಗಾದ್ರೆ ನಾನೇ ಹೆಪ್ಪುಗಟ್ತೀನಿ!"

"ಹೆಪ್ಪುಗಟ್ಟಿ. ಮಾತಾದ್ರೂ ನಿಲ್ಲುತ್ತೆ."

ಶುಕ್ರವಾರ ಪಾಗೆಲ್ ಹುಟ್ಟುಹಬ್ಬ. ಅಲ್ಲಿನ ಪದ್ಧತಿಯಂತೆ ಹುಟ್ಟುಹಬ್ಬದವರೇ ಎಲ್ಲರಿಗೂ ಕೇಕು ತಿನ್ನಿಸಬೇಕು. ಹಿಟ್ಟು ಉಬ್ಬಲು ಪ್ರಯೋಗದ ಬಿಸಿನೀರಿನ ತೊಟ್ಟಿಗಿಂತ ಒಳ್ಳೆಯ ಜಾಗವಿಲ್ಲ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿದ್ದ ಗುಟ್ಟು. ಉಬ್ಬಿದ ಹಿಟ್ಟನ್ನು ಕ್ಯಾಂಟೀನಿಗೆ ಒಯ್ದು ಆಕೆ ಬೇಯಿಸಲು ನಿಂತಿದ್ದಾಗ, ಇತ್ತ ಕೊಸಾಕ್ ತನ್ನ ಕೊನೆಯ ಕೊಳವೆಗಾಗಿ ಮಂಜುಗಡ್ಡೆ ಕೆದಕುತ್ತಿದ್ದ. ಇಲ್ಲ. ಸಿಕ್ಕಿದ್ದು ತೊಟ್ಟಿಯಲ್ಲಿ, ನಲವತ್ತು ಡಿಗ್ರಿ ಬಿಸಿಯಲ್ಲಿ!

"ಯಾವ ಕೊಲೆಗಾರನ ಕೆಲಸ ಇದು?" ಎಂದು ಗೋಳಾಡಿದ. ಬೇರೆ ಗತಿಯಿಲ್ಲದೆ ಅದನ್ನೇ ಪರೀಕ್ಷೆಗೆ ಹಾಕಿದ.

ಪ್ರೋಟೀನು ಹುಟ್ಟಿತೇ ಎಂದು ಎಣಿಸುವ ಯಂತ್ರ ಟಕಟಕನೆ ಶುರುವಾಯಿತು. ನಿಲ್ಲಲೇ ಇಲ್ಲ.

ಕೊಸಾಕ್‌ಗೆ ಆಗ ಹೊಳೆಯಿತು. ಬಿಸಿ ತಾಗಿದ್ದೇ ತಡ, ಹಿರಿಯರನ್ನು ಹೊತ್ತ ದಾರ ಮೈ ಬಾಗಿಸಿ ಮಡಿಸಿಕೊಂಡು ಉಳಿದವರಿಗೆ ಜಾಗ ಮಾಡಿಕೊಟ್ಟಿತ್ತು. ಕರೆದು ಕೂರಿಸುವವರಿಲ್ಲ, ನಕ್ಷೆಯಿಲ್ಲ. ಒಂದೊಂದೂ ತನ್ನ ಜಾಗ ತಾನೇ ಅರಿತು ಕೂತಿತ್ತು. ನಮ್ಮೆಲ್ಲರ ಹೊಟ್ಟೆಯ ಕಾವಿನಲ್ಲಿ, ಅಲ್ಲಿನ ಬ್ಯಾಕ್ಟೀರಿಯಾಗಳೊಳಗೆ, ಈ ಔತಣ ಗಳಿಗೆ ಗಳಿಗೆಗೂ ನಡೆದೇ ಇದೆ, ನಮ್ಮನ್ನು ಒಂದು ಮಾತೂ ಕೇಳದೆ!

ಕ್ಯಾಂಟೀನಿಗೆ ಓಡಿ ಆಕೆಯ ಮುಂದೆ ಹೆಚ್ಚುಕಡಿಮೆ ಅಡ್ಡಬಿದ್ದ. "ಫ್ರಾವ್ ಪಾಗೆಲ್, ಕೊಳವೆ ಬಿಸಿನೀರಿಗಿಟ್ಟಿದ್ದು ನೀವಾ? ಇದ್ಯಾವ ದಿವ್ಯದೃಷ್ಟಿ ತಾಯಿ?"

"ಎಂಥ ದೃಷ್ಟಿ? ಕೈಲಿ ನಿಮ್ಮ ಕೊಳವೆ ಇತ್ತು, ಹಿಟ್ಟಿನ ಪಾತ್ರೆ ಎತ್ತೋಕೆ ಎರಡೂ ಕೈ ಬೇಕಿತ್ತು."